ಹೆಸರು ಹಾಕಿಸಿದ ಕೊಡ

ಮುತ್ತು ಹುಟ್ಟಿದ್ದು ಗಂಗಾವತಿಯ ಆಸ್ಪತ್ರೆಯೊಂದರಲ್ಲಿ, ಬೆಳೆಯುತ್ತಿದ್ದುದು ಆನೆಗೊಂದಿಯ ವಿರೂಪಾಕ್ಷಮ್ಮನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ಅವನು ಆಡಿದ ಮೊದಲ ಮಾತು 'ಬ್ಯಾಡ'. ಇಷ್ಟಿದ್ದೂ ಅವನು ಈ ಊರಿನಲ್ಲಿ ಇರಬೇಕಾದರೆ ವೀಸಾ ಬೇಕಾಗಿತ್ತು. ಅವನ ಅಪ್ಪ ತೋಮಾಸ್, ಅವ್ವ ಎಲೆನಾ ಇಬ್ಬರೂ ಚಿಲಿ ದೇಶದವರು.

ತೋಮಾಸ್ ಬಂಡೆ ಹತ್ತಲು ಬಂದವನು. ಆನೆಗೊಂದಿಯಲ್ಲಿ ಬಂಡೆಗಳಿಗೆ ಬರವಿಲ್ಲವಾದ್ದರಿಂದ ಹತ್ತುವ ಕೆಲಸ ಮುಗಿಯಲೇ ಇಲ್ಲ. ಎಲೆನಾ ಬಾಳೆನಾರಿನ ಬುಟ್ಟಿ ಹೆಣೆಯುವುದನ್ನು ಕಲಿಯಲೆಂದು ಅದೇ ಓಣಿಯ ಸರ್ದಾರಬೀಯ ಪಕ್ಕ ಕೂತವಳು, ನಾರಿನ ಜೊತೆಗೆ ಸರ್ದಾರಬೀಯ ಬಾಯನ್ನೂ ಕಲಿತಳು. ಊರವರಿಗೆ ಅವಳು ಯಲ್ಲವ್ವ. ದೂರದ ತವರಿನಲ್ಲಿ ಅವಳದೊಂದು ಮನೆಯಿತ್ತು. ಅದರ ಬಾಡಿಗೆಯಲ್ಲಿ ಇಲ್ಲಿ ಸಂಸಾರ ನಡೆಯುತ್ತಿತ್ತು. ಮಗು ಹುಟ್ಟಿದ ಮೇಲೆ ದಿಲ್ಲಿಗೆ ಓಡಾಡಿ, ಅದು ಕಂಡೇ ಇರದ ದೇಶದ ಪಾಸ್‌ಪೋರ್ಟನ್ನು ಅದಕ್ಕೆ ಮಾಡಿಸುವಷ್ಟರಲ್ಲಿ ಕೂಡಿಟ್ಟದ್ದೆಲ್ಲ ಕರಗಿತು. ಈಗ ಮೂವರ ವೀಸಾ ಅರ್ಜಿಗಳೂ ಒಟ್ಟಿಗೆ ಎದುರಾಗಿದ್ದವು. ಮೂವರಿಗೂ ಬೇರೆ ಬೇರೆ ಫೀಸು. ಕಾಗದಗಳ ಅನುವಾದಕ್ಕೆ ಇನ್ನಷ್ಟು. ಅನುವಾದ ಸರಿಯಾಗಿದೆ ಎಂದು ಹೊಡೆಯುವ ಮುದ್ರೆಗೆ ಮತ್ತಷ್ಟು. ತಿಂಗಳ ಕೊನೆಯೊಳಗೆ ಕಟ್ಟದಿದ್ದರೆ ದೇಶ ಬಿಡಬೇಕು. ಬಿಟ್ಟರೆ ತಿರುಗಿ ಬರಲು ವಿಮಾನದ ದುಡ್ಡಿಲ್ಲ ಎಂಬುದನ್ನು ಎಲೆನಾ ಯಾರಿಗೂ ಹೇಳಲಿಲ್ಲ. ಸಾಮಾನು ತುಂಬಲು ರಟ್ಟಿನ ಡಬ್ಬಿ ಇವೆಯೇ ಎಂದು ಹೊನ್ನೂರಪ್ಪನ ಚಹಾದ ಹೋಟೆಲಿನಲ್ಲಿ ಕೇಳಿದಳು, ಅಷ್ಟೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

"ಹುಟ್ಟಿದ ಊರಾಗ ಇರಾಕ ಪರವಾನಿಗಿ ಬೇಕಂತ," ಎಂದಳು ವಿರೂಪಾಕ್ಷಮ್ಮ, ತನ್ನ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು. "ನಾನೂ ಇಲ್ಲೇ ಹುಟ್ಟೀನಿ. ಇಷ್ಟ್ ವರ್ಷಾತು, ನನ್ನ ಯಾರೂ ಕೇಳಿಲ್ಲ."

"ನಿನ್ನ ಕೇಳಾಕ ಯಾರಿಗೆ ಧೈರ್ಯ ಐತೆವಾ?" ಎಂದಳು ಸರ್ದಾರಬೀ.

ಮೊದಲ ಪ್ರಯತ್ನ ಹೊನ್ನೂರಪ್ಪನದು. ಅವನು ಹೋಟೆಲಿನ ಗಲ್ಲೆಯ ಪಕ್ಕ ಒಂದು ತಗಡಿನ ಡಬ್ಬಿ ಇಟ್ಟ. ಅದಕ್ಕೆ ಬಿದ್ದದ್ದು ಒಂದಿಷ್ಟು ಚಿಲ್ಲರೆ ಮತ್ತು ಒಂದು ಖಾಲಿ ಗುಟ್ಕಾ ಚೀಟಿ. ಎಲೆನಾ ಬಂದು ಡಬ್ಬಿಯನ್ನು ಎತ್ತಿ ಅವನ ಕೈಗೇ ಕೊಟ್ಟಳು.

"ಯಣ್ಣಾ, ನಾ ಏನ್ ಗುಡಿ ಕಟ್ಟಿಸಾಕತ್ತೀನೇನು, ಡಬ್ಬಿ ಇಡಾಕ?"

ಊರಿಗೆ ಮನಸ್ಸಿರಲಿಲ್ಲ ಎಂದಲ್ಲ. ಬರಿದೇ ದುಡ್ಡು ಕೊಟ್ಟರೆ ಅದು ದಾನ, ಬರೆದು ಕೊಟ್ಟರೆ ಸಾಲ. ಎರಡನ್ನೂ ಎಲೆನಾ ಮುಟ್ಟಳು. ಮರ್ಯಾದೆಯಿಂದ ಕೊಡಲು ನಮ್ಮ ಕಡೆ ಇರುವ ದಾರಿ ಒಂದೇ, ಮುಯ್ಯಿ. ಒಬ್ಬರ ಮನೆಯಲ್ಲಿ ಕಾರ್ಯವಾದರೆ ಓಣಿಯವರು ಉಡುಗೊರೆ ಒಯ್ಯುತ್ತಾರೆ. ನಾಳೆ ಅವರ ಮನೆಯ ಕಾರ್ಯಕ್ಕೆ ಇವರು ಅದಕ್ಕಿಂತ ಒಂದು ಕೈ ಹೆಚ್ಚಿನದನ್ನು ತಿರುಗಿ ಮಾಡುತ್ತಾರೆ. ಇಸಿದುಕೊಂಡವರು ತಲೆ ತಗ್ಗಿಸಬೇಕಿಲ್ಲ, ಕೊಟ್ಟವರು ಎದೆ ಉಬ್ಬಿಸಬಹುದು. ಬೇಕಾದ್ದು ಒಂದು ಕಾರ್ಯ.

"ಕೂಸಿನ ಜವಳ ಮಾಡೂಣು," ಎಂದಳು ವಿರೂಪಾಕ್ಷಮ್ಮ. ಮುತ್ತುವಿನ ಹುಟ್ಟುಗೂದಲನ್ನು ಇನ್ನೂ ತೆಗೆಸಿರಲಿಲ್ಲ. ಅದು ಗುಂಗುರುಗುಂಗುರಾಗಿ ಕಣ್ಣಿನ ಮೇಲೆ ಬರುತ್ತಿತ್ತು.

ಎಲೆನಾ ಆ ಗುಂಗುರನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದಳು. "ಮುಯ್ಯಿ ತಗೊಂಡ್ರ ತಿರುಗಿ ಮಾಡಬೇಕಲ್ಲ, ಯವ್ವಾ. ನಾ ಇರಲಿಲ್ಲಂದ್ರ?"

"ಅದಕ್ಕ, ಇರಬೇಕು."

ವಿರೂಪಾಕ್ಷಮ್ಮ ಮನೆಮನೆಗೆ ಹೋಗಿ ಕುಂಕುಮ ಹಚ್ಚಿ ಕರೆದಳು. ನಗದು ತನ್ನಿರಿ ಎಂದು ಹೇಳುವುದು ಅವಳ ಉದ್ದೇಶ. ಆದರೆ ಕರೆಯಲು ಬಂದವಳು ಬಾಯಿಬಿಟ್ಟು ರೊಕ್ಕ ಕೇಳುವುದುಂಟೇ? "ಹಗುರಾಗಿ ಬರ್ರಿ. ಹೊರೂವಂಥಾದ್ದು ಏನೂ ಬ್ಯಾಡ," ಎಂದಳು, ಕಣ್ಣಲ್ಲಿ ಬಹಳಷ್ಟು ಅರ್ಥ ತುಂಬಿ. ಆದರೆ ಈ ಭಾಗದಲ್ಲಿ ಕಾರ್ಯಕ್ಕೆ ಕರೆಯುವವರೆಲ್ಲ 'ಏನೂ ತರಬ್ಯಾಡ್ರಿ' ಎಂದೇ ಕರೆಯುತ್ತಾರೆ; ಅದನ್ನು ನಂಬಿ ಬರಿಗೈಯಲ್ಲಿ ಹೋದವರು ಈವರೆಗೆ ಯಾರೂ ಇಲ್ಲ. ಜನ ಅವಳ ಕಣ್ಣಲ್ಲಿ ಕಂಡದ್ದು ಮಾಮೂಲಿ ಸೌಜನ್ಯವನ್ನೇ.

ಆ ವಾರ ಗಂಗಾವತಿಯ ಶಬ್ಬೀರಸಾಬನ ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತುವ ಮಷೀನು ಕುರ್ರೆಂದು ಕೂಗುತ್ತಲೇ ಇತ್ತು. ಉಡುಗೊರೆಯ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ಊರು ಇರಲೇಬೇಕು. ಇಲ್ಲದಿದ್ದರೆ ಕೊಟ್ಟದ್ದಕ್ಕೆ ಸಾಕ್ಷಿ ಯಾರು? ಶಬ್ಬೀರಸಾಬ ಅಕ್ಷರಕ್ಕೆ ಇಷ್ಟು ಎಂದು ಹಣ ತೆಗೆದುಕೊಳ್ಳುತ್ತಾನೆ. ಬಾಳೆತೋಟದ ಗ್ಯಾನಪ್ಪ ಒಂದು ದೊಡ್ಡ ಸ್ಟೀಲಿನ ಕೊಡ ಕೊಂಡು, ಅದರ ಕುತ್ತಿಗೆಯ ಸುತ್ತ 'ಶ್ರೀ ಗ್ಯಾನಪ್ಪನವರು, ಬಾಳೆತೋಟದ ಮಾಲಕರು, ಆನೆಗೊಂದಿ' ಎಂದು ಒಂದು ಪ್ರದಕ್ಷಿಣೆ ಬರೆಸಿದ. ಹೊನ್ನೂರಪ್ಪ ಅದನ್ನು ಕೇಳಿ, ರೊಟ್ಟಿಯ ಹಿಟ್ಟು ನಾದುವ ಪರಾತ ಕೊಂಡು, ಅದರ ತಳದ ತುಂಬ ತನ್ನ ಹೆಸರು ಬರೆಸಿದ. ಇವರಿಬ್ಬರ ಹೊಲಗಳಿಗೆ ಒಂದೇ ಕಾಲುವೆ. ಮೇಲಿನ ಹೊಲ ಗ್ಯಾನಪ್ಪನದು, ಕೆಳಗಿನದು ಹೊನ್ನೂರಪ್ಪನದು. ಮಾತು ಬಿಡಲು ಇಷ್ಟು ಸಾಕಾಗಿತ್ತು.

ಜವಳ ಛಲೋ ಆಯಿತು. ಹೊನ್ನೂರಪ್ಪ ಸೋದರಮಾವನಾಗಿ ಮೊದಲ ಕೂದಲು ಕತ್ತರಿಸಿದ. ಮುತ್ತು ತನಗೆ ಬರುವ ಒಂದೇ ಮಾತನ್ನು ಮುಗಿಯುವವರೆಗೂ ಹೇಳಿದ. ಕೂದಲು ಹೊಳೆಗೆ ಹೋಯಿತು. ಮೈಕಿನಲ್ಲಿ ಒಬ್ಬೊಬ್ಬರ ಹೆಸರನ್ನೂ ಕೂಗಿದರು, ಹೆಸರಿಗೊಂದು ಪಾತ್ರೆ ಬಂತು. ಕೊಡ, ಬೋಗುಣಿ, ತಾಟು, ಚರಿಗೆ, ಡಬ್ಬಿ. ಊಟವಾಗಿ ಜನ ಎದ್ದು ಹೋದ ಮೇಲೆ ಎಲೆನಾ ತನ್ನ ಎತ್ತರಕ್ಕೆ ಬೆಳೆದ ಸ್ಟೀಲಿನ ರಾಶಿಯ ಮುಂದೆ ನಿಂತಿದ್ದಳು. ನಗದೆಂದರೆ ತಾಂಬೂಲದ ತಟ್ಟೆಯಲ್ಲಿ ಬಿದ್ದ ಅಷ್ಟಿಷ್ಟು, ಅದು ಮೈಕಿನವನಿಗೆ ಸರಿಯಾಯಿತು.

"ಅಕ್ಕಾ, ವೀಸಾ ಆಫೀಸಿನ್ಯಾಗ ಬೋಗುಣಿ ತಗೋತಾರೇನು?" ಎಂದು ಕೇಳಿದಳು.

ಸರ್ದಾರಬೀ ಮುಖ ತಿರುಗಿಸಿದಳು. ನಗು ಬಂದಿತ್ತು, ನಗುವ ಹೊತ್ತಾಗಿರಲಿಲ್ಲ. ತೋಮಾಸ್ ಹೋಟೆಲಿಗೆ ಹೋಗಿ ರಟ್ಟಿನ ಡಬ್ಬಿಗಳನ್ನು ತಂದ.

ಮರುದಿನ ಮೂವರು ಹೆಂಗಸರು ಟಂಟಂ ಗಾಡಿಯಲ್ಲಿ ರಾಶಿಯನ್ನು ಹೇರಿಕೊಂಡು ಗಂಗಾವತಿಗೆ ಹೋದರು. ಶಬ್ಬೀರಸಾಬ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಎಲ್ಲ ಅವನದೇ ಅಕ್ಷರ.

"ಯವ್ವಾ, ಇದನ್ನ ನಾ ತಿರುಗಿ ಹೆಂಗ ಮಾರ್ಲಿ? ಹೊಸಪ್ಯಾಟಿಯಿಂದ ಬಂದ ಗಿರಾಕಿ ಗ್ಯಾನಪ್ಪನ ಹೆಸರಿನ ಕೊಡ ಯಾಕ ಒಯ್ತಾನ?"

"ಅಳಸ್ರಿ," ಎಂದಳು ಎಲೆನಾ.

"ಅಳಿಸಿದ್ರ ತೂತು ಬೀಳತೈತಿ, ತಂಗಿ. ನನ್ನ ಕೆಲಸ ಅಷ್ಟು ಗಟ್ಟಿ." ಈ ಮಾತನ್ನು ಅವನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. "ಬೇಕಾದ್ರ ಮೋಡಕಾ ರೇಟಿಗೆ, ಹಳೇ ಕಬ್ಬಿಣದಂಗ, ತೂಕಕ್ಕ ತಗೋತೀನಿ. ಅದರಾಗ ಒಬ್ಬರ ಫೀಸೂ ಆಗಾಂಗಿಲ್ಲ."

ಗ್ಯಾನಪ್ಪನ ಕೊಡ ತಕ್ಕಡಿಯ ಮೇಲೆ ಕೂತಿತ್ತು. ಸರ್ದಾರಬೀ ಅದರ ಕುತ್ತಿಗೆಯ ಬರಹವನ್ನು ಸುತ್ತ ತಿರುಗಿಸಿ ಪೂರ್ತಿ ಓದಿದಳು.

"ಈ ಕೊಡ ಹೊನ್ನೂರಪ್ಪನ ಹೋಟೆಲಿನ್ಯಾಗ ಇದ್ರ ಹೆಂಗಿರತೈತಿ," ಎಂದಳು, ಯಾರಿಗೂ ಅಲ್ಲ ಎನ್ನುವ ಹಾಗೆ.

ವಿರೂಪಾಕ್ಷಮ್ಮ ತಕ್ಕಡಿಯಿಂದ ಕೊಡವನ್ನು ಇಳಿಸಿ ಸೊಂಟಕ್ಕಿಟ್ಟುಕೊಂಡಳು. "ಏಳ್ರಿ, ಊರಿಗೆ ಹೋಗೂಣು."

ದಾರಿಯಲ್ಲಿ ಎಲೆನಾ ಒಪ್ಪಲಿಲ್ಲ. ಕೊಟ್ಟವರ ಮುಂದೆಯೇ ಕೊಟ್ಟದ್ದನ್ನು ಮಾರುವುದು ಅವರಿಗೆ ಅವಮಾನ ಎಂದಳು.

"ದೇವಿಗೆ ಏರಿಸಿದ ಸೀರಿ ಇವರು ಸವಾಲ್ ಕೂಗಿ ಹರಾಜು ಹಾಕ್ತಾರ," ಎಂದಳು ಸರ್ದಾರಬೀ, ವಿರೂಪಾಕ್ಷಮ್ಮನತ್ತ ಕೈ ತೋರಿಸಿ. "ಮೊಹರಮ್ಮಿನಾಗ ಅಲಾಯಿ ದೇವರಿಗೆ ಬಂದ ಸಕ್ರಿ ನಾವು ಸವಾಲ್ ಹಾಕ್ತೀವಿ. ದೇವರಿಗೆ ಆಗದ ಅವಮಾನ ಗ್ಯಾನಪ್ಪಗ ಆಕ್ಕೈತೇನು?"

ಭಾನುವಾರ ಕಟ್ಟೆಯ ಮುಂದೆ ಸವಾಲು. ಯಾಕೆ ಏನು ಎಂದು ವಿರೂಪಾಕ್ಷಮ್ಮ ಮುಚ್ಚಿಡಲಿಲ್ಲ. "ಕೂಸಿಗೆ ವೀಸಾಕ್ಕ ರೊಕ್ಕ ಬೇಕು. ನೀವು ಕೊಟ್ಟದ್ದು ಕೊಟ್ಟಂಗ, ಮುಯ್ಯಿ ಲೆಕ್ಕಕ್ಕ ಬಂತು. ಈಗ ಯಾರಿಗೆ ಏನು ಬೇಕೋ ಕೂಗ್ರಿ," ಎಂದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲ ಎರಡು ತಾಟು ಮತ್ತು ಒಂದು ಚರಿಗೆ ಯಾರೂ ಕೇಳದೆ ಬದಿಗೆ ಸರಿದವು. ಎಲೆನಾ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ಅವಳ ಹಿಂದೆ, ಕೋಣೆಯೊಳಗೆ, ಸಾಮಾನು ತುಂಬಿ ಕಟ್ಟಿದ ರಟ್ಟಿನ ಡಬ್ಬಿಗಳು ಕಾಣುತ್ತಿದ್ದವು.

ಆಗ ಸರ್ದಾರಬೀ ಕೊಡವನ್ನು ಕಟ್ಟೆಯ ಮೇಲಿಟ್ಟಳು.

"ಇನ್ನೂರು," ಎಂದ ಹೊನ್ನೂರಪ್ಪ, ಹಲ್ಲಿನಲ್ಲಿ ಕಡ್ಡಿಯಾಡಿಸುತ್ತ. "ಹೋಟೆಲಿನ್ಯಾಗ ಗಿರಾಕಿ ಕೈ ತೊಳಿಯಾಕ ನೀರು ತುಂಬಿಡಾಕ ಬೇಕಾಗಿತ್ತು."

ಗ್ಯಾನಪ್ಪ ಎದ್ದು ನಿಂತ. "ಅದರ ಮ್ಯಾಲ ನನ್ನ ಹೆಸರೈತಿ."

"ಅದಕ್ಕ ಕೇಳಾಕತ್ತೀನಿ. ಬಂದೋರು ಓದಿಕೊಂತ ಕೈ ತೊಳಕೋತಾರ."

"ಐನೂರು."

"ಎಂಟುನೂರು. ಕಾಲೂ ತೊಳಕೋತಾರ."

"ಸಾವಿರ."

"ಗ್ಯಾನಪ್ಪ ಕಾಕಾ, ಕೊಂಡಾಗ ಎಷ್ಟು ಕೊಟ್ಟಿದ್ರಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಸುಮ್ಮನ ಕುಂದ್ರಲೇ," ಎಂದ ಗ್ಯಾನಪ್ಪ, ತಿರುಗಿ ನೋಡದೆ. ಹೊನ್ನೂರಪ್ಪ ಇನ್ನೂ ಮೂರು ಸಲ ಏರಿಸಿದ. ಏರಿಸಿದಾಗಲೆಲ್ಲ ಕೊಡಕ್ಕೆ ಹಿಂದಿನದಕ್ಕಿಂತ ಕೀಳಾದ ಒಂದು ಕೆಲಸ ಹೇಳಿದ, ಕೊನೆಯದನ್ನು ಬರೆಯುವಂತಿಲ್ಲ. ಅದನ್ನು ಕೇಳಿ ಗ್ಯಾನಪ್ಪ ಬನಿಯನ್ನಿನ ಒಳಗಿನ ಚೀಲಕ್ಕೆ ಕೈಹಾಕಿ, ಬಾಳೆ ಮಾರಿದ ದುಡ್ಡಿನ ಕಟ್ಟನ್ನು ಬಿಚ್ಚದೆ ಕಟ್ಟೆಯ ಮೇಲೆ ಇಟ್ಟು, ಕೊಡವನ್ನು ಕಂಕುಳಲ್ಲಿ ಅವುಚಿಕೊಂಡ.

ಹೋಗಲಿಲ್ಲ. ಅಲ್ಲೇ ಮುಂದಿನ ಸಾಲಿನಲ್ಲಿ ಕೂತ. "ಇನ್ನ ಆ ಪರಾತ ತಗೀರಿ," ಎಂದ. "ನಮ್ಮ ಎಮ್ಮಿಗೆ ಹಿಂಡಿ ಕಲಸಾಕ ಭಾಳ ದಿನದಿಂದ ಒಂದು ಬೇಕಾಗಿತ್ತು."

ಹೊನ್ನೂರಪ್ಪನ ಬಾಯಲ್ಲಿದ್ದ ಕಡ್ಡಿ ನಿಂತಿತು.

ಆಮೇಲೆ ಏನೂ ಹೇಳಿಕೊಡಬೇಕಾಗಲಿಲ್ಲ. ಊರಿನಲ್ಲಿ ಪ್ರತಿಯೊಬ್ಬನಿಗೂ ತನ್ನ ಹೆಸರು ಯಾರ ಮನೆಯಲ್ಲಿ ಇರಬಾರದು ಎಂಬುದು ಚೆನ್ನಾಗಿ ಗೊತ್ತಿತ್ತು, ಅಂಥವರೂ ಅಲ್ಲೇ ಕೂತಿದ್ದರು. ಅತ್ತೆಯ ಹೆಸರಿನ ಡಬ್ಬಿಯನ್ನು ಬೇರೆ ಮನೆ ಮಾಡಿದ ಸೊಸೆ ಕೇಳಿದಳು. ಬದಿಗೆ ಸರಿದಿದ್ದ ಚರಿಗೆಯನ್ನು ಅದರ ಒಡೆಯನೇ, ಇನ್ನಾರೂ ಕೂಗುವ ಮೊದಲೇ, ಕೈಮುಗಿದು ಬಿಡಿಸಿಕೊಂಡ. ಬಿಸಿಲು ಇಳಿಯುವ ಹೊತ್ತಿಗೆ ಊರೆಲ್ಲ ತಾನು ತಂದ ಪಾತ್ರೆಯನ್ನು ತಾನೇ ಹೊತ್ತುಕೊಂಡು ಮನೆಗೆ ಹೋಗುತ್ತಿತ್ತು. ಕಟ್ಟೆಯ ಮೇಲೆ ಪಾತ್ರೆ ಒಂದೂ ಇರಲಿಲ್ಲ. ಮೂವರ ಫೀಸೂ ಇತ್ತು, ಮುದ್ರೆಯ ದುಡ್ಡೂ ಇತ್ತು. ಯಾರೂ ದಾನ ಮಾಡಿರಲಿಲ್ಲ. ಅವರವರ ಮಾನವನ್ನು ಅವರವರು ಉಳಿಸಿಕೊಂಡಿದ್ದರು, ಅಷ್ಟೆ.

ಕೊಪ್ಪಳದ ಕಚೇರಿಯಲ್ಲಿ ಒಂದೇ ತೊಡಕು ಬಂತು. ಅಧಿಕಾರಿ ಪಾಸ್‌ಪೋರ್ಟಿನ ಫೋಟೋ ನೋಡಿದರು, ಎಲೆನಾಳ ತೊಡೆಯ ಮೇಲಿದ್ದ ನುಣ್ಣನೆ ತಲೆ ನೋಡಿದರು, ಮತ್ತೆ ಫೋಟೋದ ಗುಂಗುರು ನೋಡಿದರು.

"ಇದು ಅದೇ ಮಗು ಏನ್ರಿ?"

"ಜವಳ ಆಗೇತ್ರಿ ಸಾಹೇಬ್ರ," ಎಂದಳು ಜೊತೆಗೆ ಬಂದಿದ್ದ ವಿರೂಪಾಕ್ಷಮ್ಮ. "ನಿಮ್ಮದೂ ಆಗಿರಬೇಕಲ್ರಿ ಒಂದ್ ಕಾಲಕ್ಕ?"

ಅಧಿಕಾರಿ ತಮ್ಮ ತಲೆಯ ಮೇಲೊಮ್ಮೆ ಕೈಯಾಡಿಸಿಕೊಂಡರು. ಅಲ್ಲೂ ಹೇಳುವಂಥ ಕೂದಲಿರಲಿಲ್ಲ. "ಮುತ್ತು," ಎಂದು ಕರೆದರು. "ಬ್ಯಾಡ," ಎಂದ ಮುತ್ತು. ಅವರು ನಕ್ಕು ಅರ್ಜಿಗಳನ್ನು ಒಳಗೆ ತೆಗೆದುಕೊಂಡರು.

ವೀಸಾ ಒಂದು ವರ್ಷಕ್ಕೆ ಬಂತು. ಮುಂದಿನ ವರ್ಷದ್ದು ಮುಂದಿನ ವರ್ಷ. ರಟ್ಟಿನ ಡಬ್ಬಿಗಳು ಹೊನ್ನೂರಪ್ಪನ ಹೋಟೆಲಿಗೆ ವಾಪಸಾದವು.

ಬೇಸಿಗೆಯ ಹೊತ್ತಿಗೆ ಗ್ಯಾನಪ್ಪನ ಬಸುರಿ ಸೊಸೆಗೆ ಕುಬಸದ ಕಾರ್ಯ ನಿಶ್ಚಯವಾಯಿತು. ಅದಕ್ಕೆ ನಾಲ್ಕು ದಿನ ಮೊದಲು ಎಲೆನಾ ಅವನ ಮನೆಯ ಮುಂದೆ ಬಂದು ನಿಂತಳು. ಗ್ಯಾನಪ್ಪ ಅಂಗಳದಲ್ಲಿ ಬಾಳೆಗೊನೆ ಎಣಿಸುತ್ತಿದ್ದ.

"ಕಾಕಾ, ನಿಮ್ಮ ಕೊಡ ಒಂದಿನ ಕೊಡ್ರಿ. ಗಂಗಾವತಿಗೆ ಒಯ್ಯಬೇಕು."

ಗ್ಯಾನಪ್ಪನಿಗೆ ಎಣಿಕೆ ತಪ್ಪಿತು. "ಮತ್ತ ಮಾರಾಕೇನು?"

"ಅಳತಿಗೆ. ನೀವು ಮಾಡಿದ್ದಕ್ಕಿಂತ ಒಂದು ನಂಬರ ದೊಡ್ಡದು ನಾ ತಿರುಗಿ ಮಾಡಬೇಕಲ್ಲ. ನೋಡಿ ತರೂಣಂದ್ರ ಅದು ನಮ್ಮನ್ಯಾಗಿಲ್ಲ, ನಿಮ್ಮನ್ಯಾಗೈತಿ."

ಗ್ಯಾನಪ್ಪ ಒಳಗೆ ಹೋದ. ಬರುವಾಗ ಕೊಡವನ್ನು ಹೆಗಲ ವಲ್ಲಿಯಿಂದ ಒರೆಸುತ್ತಲೇ ಬಂದ.

"ಹೆಸರು ಹಾಕಸ್ತಿ ಹೌದಿಲ್ಲೊ?"

"ಮತ್ತ? ಸಾಕ್ಷಿ ಬ್ಯಾಡೇನ್ರಿ?"

"ಆ ಶಬ್ಬೀರಸಾಬ ಅಕ್ಷರದ ಮ್ಯಾಲ ರೊಕ್ಕ ತಗೋತಾನ. ಊರಿನ ಜಾಗಾದಾಗ ಚಿಲಿ ಅಂತ ಹಾಕಿಸಿಬಿಡು, ಎರಡಕ್ಷರದಾಗ ಮುಗಿತೈತಿ. ಉಳಿತಾಯ."

ಎಲೆನಾ ಕೊಡವನ್ನು ಸೊಂಟಕ್ಕಿಟ್ಟುಕೊಂಡಳು. ವಿರೂಪಾಕ್ಷಮ್ಮ ಇಟ್ಟುಕೊಳ್ಳುವ ಹಾಗೆಯೇ, ಬಲಗಡೆಗೆ.

"ಇರಲಿ ಬಿಡ್ರಿ ಕಾಕಾ. ಆನೆಗೊಂದಿ ಅಂತನ ಹಾಕಸ್ತೀನಿ."

ಅವಳು ಓಣಿಯ ತಿರುವು ದಾಟುವವರೆಗೂ ಗ್ಯಾನಪ್ಪ ನೋಡುತ್ತ ನಿಂತಿದ್ದ. ಆಮೇಲೆ ಏನೋ ನೆನಪಾಗಿ ಕೂಗಿದ:

"ಯಲ್ಲವ್ವಾ, ಜ್ವಾಕಿ. ಅದನ್ನ ಎರಡ್ ಸಲ ಕೊಂಡೀನಿ."