ಕೂರಬಾರದ ಅಂಗಡಿ

ಅಮರೇಶ್ ಯಾರಿಗೂ ಬೈಯುತ್ತಿರಲಿಲ್ಲ. ಕುಸುಮಳಿಗೆ ಮೈ ಉರಿಯುತ್ತಿದ್ದದ್ದೇ ಅದಕ್ಕೆ. ಬೈದಿದ್ದರೆ ತಿರುಗಿ ಎರಡು ಮಾತು ಆಡಬಹುದಿತ್ತು, ಇಲ್ಲವೇ ಮನೆಗೆ ಹೋಗಿ ಹಿಡಿಶಾಪ ಹಾಕಬಹುದಿತ್ತು. ನಗುನಗುತ್ತಲೇ ಕುತ್ತಿಗೆ ಹಿಸುಕುವವನಿಗೆ ಏನೆಂದು ಶಾಪ ಹಾಕುವುದು?

ಅವಳು ಕೆಲಸಕ್ಕಿದ್ದ ಕುವೆಂಪುನಗರದ ಸೀರೆ ಅಂಗಡಿಯನ್ನು ಕಟ್ಟಿದವರು ಅವನ ಅಪ್ಪ ಸಿದ್ದಮಲ್ಲಪ್ಪನವರು. ಅವರದ್ದು ಬೇರೆ ಥರದ ಕಾಟ. ಸಿಟ್ಟು ಬಂದರೆ ಗಿರಾಕಿಗಳ ಮುಂದೆಯೇ ಕೂಗಾಡುತ್ತಿದ್ದರು, ಇಳಿದ ಮೇಲೆ ತಾವೇ ಎಲ್ಲರಿಗೂ ಕಾಫಿ ತರಿಸುತ್ತಿದ್ದರು. ದೇವರಂಥ ಮನುಷ್ಯರೇನಲ್ಲ. ಆದರೆ ಗಿರಾಕಿ ಇಲ್ಲದಾಗ ಸ್ಟೂಲಿನ ಮೇಲೆ ಕೂತರೆ ಯಾಕೆ ಕೂತೆ ಎಂದು ಕೇಳಿದವರಲ್ಲ. ಮಂಡಿ ನೋವೆಂದು ಅವರು ಮನೆ ಹಿಡಿದ ಮೇಲೆ ಮಗ ಬಂದ. ಬಂದವನೇ ಸ್ಟೂಲುಗಳನ್ನೆಲ್ಲ ಸಾಗಹಾಕಿದ. ಕೂತರೆ ಎನರ್ಜಿ ಇಳಿದುಹೋಗುತ್ತದಂತೆ. ತಾನು ಮಾತ್ರ ಒಳಗಿನ ಕೋಣೆಯಲ್ಲಿ ತಿರುಗುವ ಕುರ್ಚಿಗೆ ಒರಗಿಕೊಂಡು, ಅಂಗಡಿಯ ಕ್ಯಾಮೆರಾಗಳಲ್ಲಿ ಬಂದದ್ದನ್ನೆಲ್ಲ ಮೊಬೈಲಿನಲ್ಲಿ ನೋಡುತ್ತಿದ್ದ. ಅವನ ಎನರ್ಜಿ ಬೇರೆ ಬಗೆಯದಿರಬೇಕು.

ಆಮೇಲೆ ಯಾವುದೋ ತರಬೇತಿಗೆ ಹೋಗಿ ಬಂದು 'ಸರ್ಕಲ್' ಎಂಬುದೊಂದನ್ನು ಶುರುಮಾಡಿದ. ಬೆಳಿಗ್ಗೆ ದೇವರ ಪಟಕ್ಕೆ ಊದುಬತ್ತಿ ಹಚ್ಚಿದ ಕೂಡಲೇ ಎಲ್ಲರೂ ಸುತ್ತ ನಿಲ್ಲಬೇಕು. ಒಬ್ಬರು ಇನ್ನೊಬ್ಬರ ತಪ್ಪು ಹೇಳಬೇಕು. ತಪ್ಪು ಮಾಡಿದವರು ನಡುವೆ ಬಂದು, ಹೇಳಿದವರಿಗೆ ಥ್ಯಾಂಕ್ಸ್ ಅನ್ನಬೇಕು. ಉಳಿದವರು ಚಪ್ಪಾಳೆ ತಟ್ಟಬೇಕು.

"ಇದು ಅವಮಾನ ಅಲ್ಲ, ಗಿಫ್ಟು. ನಾವೆಲ್ಲ ಒಂದೇ ಫ್ಯಾಮಿಲಿ ಅಲ್ವಾ?" ಎನ್ನುತ್ತಿದ್ದ ಅಮರೇಶ್. ಯಾರ ಮನೆಯಲ್ಲಿ ಬೆಳಗಾಗೆದ್ದು ಇಂಥ ಮಂಗಳಾರತಿ ನಡೆಯುತ್ತದೋ ಕುಸುಮ ಕಾಣಳು. ಆದರೂ ತಟ್ಟುತ್ತಿದ್ದಳು. ಎಲ್ಲರೂ ತಟ್ಟುತ್ತಿದ್ದರು.

ಒಂದು ಸಂಜೆ ಅವನು ಅವಳನ್ನು ಒಳಗೆ ಕರೆದ. ಹಳಬಳೆಂದು ಅವಳ ಎದೆಗೆ 'ಫ್ಲೋರ್ ಇನ್‌ಚಾರ್ಜ್' ಎಂಬ ಬಿಲ್ಲೆ ಚುಚ್ಚಿದವನೂ ಅವನೇ.

"ಸುಷ್ಮಿತಾ ಸ್ಟಾಕ್ ರೂಮಲ್ಲಿ ಕೂತಿದ್ರು, ಗೊತ್ತಾಯ್ತಾ ಕುಸುಮಾ ಅವ್ರೇ?"

ಅಲ್ಲೂ ಕ್ಯಾಮೆರಾ ಇಟ್ಟಿದ್ದಾನೆಂದು ಯಾರಿಗೆ ಗೊತ್ತಿತ್ತು?

"ಬಸುರಿ ಹೆಂಗ್ಸು ಸಾರ್. ಕಾಲು ಊದ್ಕೊಂಡವೆ. ಒಂದ್ಗಳಿಗೆ ಕೂತವ್ಳೆ, ಬುಡಿ."

"ನನಗೂ ಪಾಪ ಅನ್ಸುತ್ತೆ. ಆದ್ರೆ ರೂಲು ಎಲ್ರಿಗೂ ಒಂದೇ ಅಲ್ವಾ? ನಾಳೆ ಸರ್ಕಲ್‌ನಲ್ಲಿ ನೀವೇ ಹೇಳಿ. ನಾನು ಹೇಳಿದ್ರೆ ಓನರ್ ಬೈದಂಗಾಗುತ್ತೆ, ನೀವು ಹೇಳಿದ್ರೆ ಅಕ್ಕ ತಿದ್ದಿದಂಗೆ. ಬಲವಂತ ಏನಿಲ್ಲ. ನಿಮಗಾಗಲ್ಲ ಅಂದ್ರೆ, ಹಳೇ ಸ್ಟಾಫ್ ನಮಗಿನ್ನೂ ಬೇಕಾ ಅಂತ ನಾನೂ ಯೋಚ್ನೆ ಮಾಡ್ಬೇಕಾಗುತ್ತೆ." ಇಷ್ಟನ್ನೂ ಅವನು ನಗುತ್ತಲೇ ಹೇಳಿದ.

ಸುಷ್ಮಿತಾಳನ್ನು ಕೆಲಸಕ್ಕೆ ಸೇರಿಸಿದವಳೇ ಕುಸುಮ. ಅವಳ ತಾಯಿ ದೇವಿರಮ್ಮ ಚಾಮರಾಜಪುರಂನಲ್ಲಿ ಕುಸುಮಳ ಹಿಂದಿನ ಬೀದಿಯವರು. "ನೀನಿದ್ದೀಯಲ್ಲ ಕಣವ್ವ, ನಂಗ್ಯಾಕೆ ಚಿಂತೆ" ಎಂದು ಕೈ ಹಿಡಿದುಕೊಂಡಿದ್ದರು. ಅದಕ್ಕಿಂತ ಹೆಚ್ಚಾಗಿ, ಸ್ಟಾಕ್ ರೂಮಿನ ಗಂಟುಗಳ ಹಿಂದೆ ಹೋಗಿ ಕೂತುಕೋ, ಅಲ್ಲಿ ಯಾರೂ ನೋಡುವುದಿಲ್ಲ ಎಂದು ಹೇಳಿಕೊಟ್ಟವಳೂ ಇವಳೇ. ಆ ಮಾತನ್ನು ಅಮರೇಶನ ಮುಂದೆ ಹೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಹೊರಗೆ ಬಂದಳು.

ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಹಲ್ಲು ಕಡಿಯುತ್ತಲೇ ಬಂದಳು. ಮನೆಯಲ್ಲಿ ಮಗಳು ಭವ್ಯಶ್ರೀ ಕಾಲು ಚಾಚಿ ಕೂತಿದ್ದಳು.

"ಯಾವಾಗ್ ನೋಡಿದ್ರೂ ಕೂತಿರ್ತೀಯಲ್ಲೇ! ಎದ್ದೇಳು ಮೇಲೆ!"

"ಓದ್ತಿದೀನಿ ಕಣಮ್ಮ. ಏನಾಯ್ತು ನಿಂಗೆ?" ಎಂದು ಹುಡುಗಿ ಪುಸ್ತಕ ಎತ್ತಿ ತೋರಿಸಿತು. ಕುಸುಮ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಬೆಳಿಗ್ಗೆ ಸರ್ಕಲ್‌ನಲ್ಲಿ ಅವಳು ಹೇಳಿಯೇಬಿಟ್ಟಳು. ಸುಮ್ಮನೆ ಶಾಸ್ತ್ರಕ್ಕೆ ಹೇಳಿದರಾಯಿತು, ಆಮೇಲೆ ಹುಡುಗಿಗೆ ಸಮಾಧಾನ ಮಾಡಿದರಾಯಿತು ಎಂದುಕೊಂಡಿದ್ದಳು. "ಸುಷ್ಮಿತಾ ನಿನ್ನೆ ಡ್ಯೂಟಿ ಟೈಮಲ್ಲಿ ಕೂತಿದ್ಲು." ಅಷ್ಟೇ ಮಾತು. ಸುಷ್ಮಿತಾ ತಲೆಯೆತ್ತಿ ಇವಳನ್ನೇ ನೋಡಿದಳು. ತಮಾಷೆಯಿರಬೇಕೆಂದು ಮೊದಲು ಚೂರು ನಕ್ಕಳು ಕೂಡ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಡುವೆ ಬಂದು ನಿಂತು, "ಥ್ಯಾಂಕ್ಸ್ ಅಕ್ಕ" ಎಂದಳು.

ಚಪ್ಪಾಳೆ ಬಿತ್ತು.

"ಸೂಪರ್. ಈಗ ಕುಸುಮಾ ಅವ್ರಿಗೂ ಒಂದು ಚಪ್ಪಾಳೆ. ಲೀಡರ್ ಅಂದ್ರೆ ಹಿಂಗಿರ್ಬೇಕು" ಎಂದ ಅಮರೇಶ್. ಅದೇ ಕೈಗಳು ಮತ್ತೆ ತಟ್ಟಿದವು. ಸುಷ್ಮಿತಾಳೂ ತಟ್ಟಿದಳು.

ಕುಸುಮಳ ನೆತ್ತಿಗೇರಿತು. ಅವನು ಒಳಗೆ ಹೋಗಿ ಕೂರುವ ಮುಂಚೆಯೇ ಹಿಂದಿನಿಂದ ನುಗ್ಗಿದಳು.

"ಏನ್ರೀ ಮಾಡುಸ್ಬುಟ್ರಿ ನನ್ ಕೈಲಿ? ನಿಮ್ಮಪ್ಪಾರು ಬೈತಿದ್ರು, ಬೈದು ಬುಡ್ತಿದ್ರು. ನೀವು ಬೈಯೋ ಕೆಲ್ಸಾನೂ ನಮ್ ಕೈಲೇ ಮಾಡುಸ್ತೀರಿ, ಮ್ಯಾಲೆ ಚಪ್ಪಾಳೆ ಬೇರೆ! ನಾಚ್ಕೆ ಆಗಲ್ವೇನ್ರೀ? ಅವ್ಳನ್ನ ಅಲ್ಲಿ ಕೂರು ಅಂದಿದ್ದು ನಾನು. ನಾನೇ ಕಣ್ರೀ!"

ಅಮರೇಶ್ ಕಣ್ಣು ಕೂಡ ಮಿಟುಕಿಸಲಿಲ್ಲ. "ನಿಮ್ಮ ಈ ಓಪನ್‌ನೆಸ್ ನನಗೆ ತುಂಬ ಇಷ್ಟ ಆಯ್ತು. ನಾಳೆ ಇದನ್ನೇ ಸರ್ಕಲ್‌ನಲ್ಲಿ ಹೇಳಿ."

ಬೆಂಕಿಗೆ ನೀರು ಸುರಿದಿದ್ದರೂ ಅಷ್ಟು ಕೆಡುತ್ತಿರಲಿಲ್ಲ. ಅವಳ ಸಿಟ್ಟನ್ನೂ ಅವನು ತನ್ನ ಅಂಗಡಿಯ ಸರಕು ಮಾಡಿಕೊಂಡಿದ್ದ. ಕುಸುಮ ಬಿಲ್ಲೆ ಕಿತ್ತು ಮೇಜಿನ ಮೇಲೆ ಬಿಸಾಡಿ ಹೊರಗೆ ಬಂದಳು. ಕೆಲಸ ಹೋದರೆ ಹೋಗಲಿ, ಇವತ್ತು ಆ ಹುಡುಗಿ ಈ ಅಂಗಡಿಯ ನಟ್ಟನಡುವೆ ಕೂರಬೇಕು, ಅವನು ಕಣ್ಣಾರೆ ನೋಡಬೇಕು ಎಂಬ ಹಟ ಅವಳಿಗೆ.

ಸುಷ್ಮಿತಾ ಕೌಂಟರಿನ ಹಿಂದೆ ನಿಂತಿದ್ದಳು. ಕುಸುಮ ಅವಳ ರಟ್ಟೆ ಹಿಡಿದು ಗಿರಾಕಿಗಳ ಸೋಫಾದ ಹತ್ತಿರ ಕರೆತಂದಳು.

"ಕೂತ್ಕೊ ಮಗ. ಯಾವನ್ ಏನಂತಾನೋ ನಾನ್ ನೋಡ್ಕೋತೀನಿ."

"ಬ್ಯಾಡ ಅಕ್ಕ."

"ಕೂರೇ ಅಂದ್ರೆ! ನಾನ್ ಹೇಳ್ತಿಲ್ವಾ?"

ಸುಷ್ಮಿತಾ ಮೆಲ್ಲಗೆ ರಟ್ಟೆ ಬಿಡಿಸಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅಮರೇಶನ ಮುಂದೆ ನಿಂತಾಗ ಇರುತ್ತಿದ್ದ ಭಯವೇ ಈಗ ಕುಸುಮಳ ಮುಂದೆಯೂ ಇತ್ತು.

"ಸ್ಟಾಕ್ ರೂಮಲ್ಲೂ ನೀವೇ ಕೂರು ಅಂದಿದ್ರಿ ಅಕ್ಕ" ಎಂದಳು. ಕೌಂಟರಿಗೆ ವಾಪಸ್ಸು ಹೋಗಿ, ನಿಂತುಕೊಂಡೇ ಸೀರೆ ಮಡಚತೊಡಗಿದಳು.