ಖುರ್ದಬೀನಿನ ಗುರುವಾರ

ನನಗೆ ಕ್ಷಯ ಹತ್ತಿದೆ ಎಂದು ನಮ್ಮ ಅತ್ತೆ ಭೀಮಬಾಯಿ ತೀರ್ಮಾನ ಮಾಡಿದ ವರ್ಷವೇ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಎರಡೂ ನನ್ನನ್ನು ಕೇಳದೆಯೇ ಆದವು. ಹೆರಿಗೆಯಾದ ಮೇಲೆ ನನಗೆ ಸಣ್ಣ ಜ್ವರ, ಒಣ ಕೆಮ್ಮು. ಮೈ ಇಳಿದು ಕುಪ್ಪಸ ಜೋತಾಡುತ್ತಿತ್ತು. ಅತ್ತೆಗೆ ಅಷ್ಟು ಸಾಕಾಯಿತು. ನನ್ನ ತಾಟು, ತಂಬಿಗೆ ಬೇರೆಯಾದವು. ಹಾಸಿಗೆ ಕುರಿದೊಡ್ಡಿಯ ಪಕ್ಕದ ಪಡಸಾಲೆಗೆ ಬಂತು. ಅದನ್ನೆಲ್ಲ ನುಂಗಿಕೊಂಡೆ. ಆದರೆ ಎಂಟು ತಿಂಗಳ ನನ್ನ ಮಗ ಧೊಂಡಿಬಾನಿಗೆ ಮೊಲೆ ಬಿಡಿಸಿ, ಆಡಿನ ಹಾಲು ಹಾಕಿ, ತನ್ನ ಮಗ್ಗುಲಲ್ಲೇ ಮಲಗಿಸಿಕೊಳ್ಳತೊಡಗಿದಳಲ್ಲ, ಅದು ನನ್ನ ಗಂಟಲಲ್ಲಿ ಇಳಿಯಲಿಲ್ಲ.

“ನೀ ಸಾಯಾಕಿ ಸಾಯಿ. ನನ್ನ ಮೊಮ್ಮಗನ್ನ ಜೋಡಿ ಕರಕೊಂಡ ಹೋಗಬ್ಯಾಡ” ಎಂದು ಮುಖಕ್ಕೇ ಹೇಳಿದಳು. ಹೇಳುವಾಗ ಅವಳಿಗೂ ಕೆಮ್ಮು ಬಂತು. ಅವಳ ಕೆಮ್ಮು ಹಳೆಯದು, ಒಲೆಯ ಹೊಗೆಯದು ಎಂದು ಮನೆಯವರೆಲ್ಲ ಒಪ್ಪಿಕೊಂಡಿದ್ದರು. ಅತ್ತೆ ಕೆಮ್ಮಿದರೆ ಹೊಗೆ, ಸೊಸೆ ಕೆಮ್ಮಿದರೆ ಕ್ಷಯ!

ನನ್ನ ಗಂಡ ದತ್ತಾತ್ರಿಗೆ ಅತ್ತ ದರಿ, ಇತ್ತ ಪುಲಿ. ಕೊನೆಗೆ ಒಂದು ದಿನ ಊಟಕ್ಕೆ ಕೂತವನು ತಾಟಿನತ್ತ ನೋಡುತ್ತಲೇ ಮಾತು ತೆಗೆದ.

“ಅವ್ವಾ, ದವಾಖಾನಿಯವ್ರೇ ಹೇಳಲಿ. ಬ್ಯಾನಿ ಇದ್ರ ಇಕೀನ್ನ ಹಲಬರ್ಗಾದಾಗ ಬಿಟ್ಟು ಬರ್ತೇನಿ. ಇಲ್ಲಂದ್ರ ಕೂಸು ಇಕೀ ಕೈಯಾಗ ಕೊಡು.”

ಹಲಬರ್ಗಾ ನನ್ನ ತವರು, ಭಾಲ್ಕಿ ತಾಲೂಕಿನಲ್ಲಿದೆ. ನನ್ನನ್ನು ಅಲ್ಲಿ ಬಿಟ್ಟರೆ ಮಗ ಇಲ್ಲಿ ಔರಾದಿನಲ್ಲೇ ಉಳಿಯುತ್ತಾನೆ. ಹೋದ ಸೊಸೆ ತಿರುಗಿ ಬರುವುದರೊಳಗೆ ಮನೆಗೆ ಇನ್ನೊಬ್ಬಳು ಬಂದಿರುತ್ತಾಳೆ. ಅತ್ತೆ ಕೂಡಲೇ ಒಪ್ಪಿದಳು, ಅವಳಿಗೆ ಅನುಮಾನವೇ ಇರಲಿಲ್ಲ.

ಔರಾದಿನ ದವಾಖಾನೆಯಲ್ಲಿ ಕೆಂಪು ನೀರಿನ ಔಷಧವಿತ್ತು, ಸೂಜಿಯಿತ್ತು, ಖುರ್ದಬೀನ್ ಇರಲಿಲ್ಲ. ಮೈಸೂರಿನವರು ಅದಕ್ಕೆ ಸೂಕ್ಷ್ಮದರ್ಶಕ ಎನ್ನುತ್ತಾರಂತೆ. ನಮ್ಮ ಬಾಯಿಗೆ ನಿಜಾಮರ ಕಾಲದ ಹೆಸರೇ ಸಲೀಸು. ಇದ್ದದ್ದು ಬೀದರಿನಲ್ಲಿ, ಒಂದೇ ಒಂದು. ಅದನ್ನು ಎಲ್ಲ ತಾಲೂಕಿನವರೂ ಹಂಚಿಕೊಳ್ಳಬೇಕು. ಸೋಮವಾರ, ಮಂಗಳವಾರ ಬೀದರಿನವರಿಗೆ, ಬುಧವಾರ ಭಾಲ್ಕಿಗೆ, ಗುರುವಾರ ಉದಗೀರಿಗೆ. ಔರಾದಿನ ಪಾಳಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಈಗ ಉದಗೀರ ಮುಂಬೈ ರಾಜ್ಯಕ್ಕೆ ಹೋಗಿ ಅದರ ಗುರುವಾರ ನಮಗೆ ಬಂದಿತ್ತು.

“ಮೈಸೂರಿಗಿ ಸೇರಿದ್ದಕ್ಕ ನಮಗ ಸಿಕ್ಕಿದ್ದು ಇದೊಂದ್ ಗುರುವಾರ ನೋಡ್ರಿ” ಎನ್ನುತ್ತ ಕಂಪೌಂಡರ್ ಪಂಢರಿ ನನ್ನ ಕೈಗೆ ತಗಡಿನ ಡಬ್ಬಿ ಕೊಟ್ಟ. ಮುಚ್ಚಳದ ಮೇಲೆ ಚಂದ್ರಭಾಗಾ ಎಂದು ನನ್ನ ಹೆಸರು ಅಂಟಿಸಿದ್ದ. ಗುರುವಾರ ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮಿ, ಬಂದ ಕಫವನ್ನು ಅದರಲ್ಲಿ ಉಗುಳಿ ಕಳಿಸಬೇಕು. ಮೊದಲ ಮೋಟರಿನಲ್ಲಿ ಡಬ್ಬಿಗಳು ಬೀದರಿಗೆ ಹೋಗುತ್ತವೆ. ಅಲ್ಲಿ ಮಹಮೂದಾ ಬೇಗಂ ಅನ್ನುವಾಕೆ ಕಫವನ್ನು ಗಾಜಿಗೆ ಹಚ್ಚಿ, ಬಣ್ಣ ಹಾಕಿ ನೋಡುತ್ತಾಳೆ. ಸಂಜೆಯ ಮೋಟರಿಗೆ ಜವಾಬು ಬರುತ್ತದೆ.

ಮೊದಲ ಗುರುವಾರ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದರೂ ಹೇಗೋ ಉಗುಳಿ, ಡಬ್ಬಿಯನ್ನು ಹೊಸ್ತಿಲ ಬಳಿ ಇಟ್ಟೆ. ಸಂಜೆ ಪಂಢರಿ ನಗು ತಡೆಯಲಾರದೆ ಜವಾಬು ಓದಿದ.

“ಬೆಲ್ಲ ಛಲೋ ಅದ. ಬರೂ ಗುರುವಾರ ಉಗುಳು ಕಳಸ್ರಿ.”

ನಮ್ಮ ಮನೆಯಲ್ಲಿ ಪರರ ಪಾತ್ರೆ ತೊಳೆಯದೆ ತಿರುಗಿ ಹೋಗುವುದಿಲ್ಲ, ಬರಿದಾಗಿಯೂ ಹೋಗುವುದಿಲ್ಲ. ಹಿಡಿ ಹಿಟ್ಟೋ, ನಾಲ್ಕು ಶೇಂಗಾ ಕಾಳೋ ಅದರಲ್ಲಿ ಇರಲೇಬೇಕು. ಡಬ್ಬಿ ಹೊಲಸಾಗಿದೆ ಎಂದು ಅತ್ತೆ ಬೂದಿ ಹಚ್ಚಿ ತಿಕ್ಕಿ ತೊಳೆದು, ಒಂದು ಹೆಂಟೆ ಬೆಲ್ಲ ಹಾಕಿ ಮುಚ್ಚಿದ್ದಳು. ನನ್ನ ಗಂಡ ತೆರೆದೂ ನೋಡದೆ ಕೊಟ್ಟು ಬಂದಿದ್ದ.

ಊರೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಇನ್ನೂ ಒಂದು ವಾರ ನಾನು ಗೋಡೆಯ ಆಚೆಯಿಂದ ಮಗನ ಅಳು ಕೇಳಿಸಿಕೊಳ್ಳಬೇಕಿತ್ತು. ಅವನು ಅತ್ತಾಗಲೆಲ್ಲ ನನ್ನ ಎದೆ ಬಿಗಿದು ಕುಪ್ಪಸ ಒದ್ದೆಯಾಗುತ್ತಿತ್ತು.

ಎರಡನೆಯ ಗುರುವಾರ ಎಷ್ಟು ಕೆಮ್ಮಿದರೂ ಏನೂ ಬರಲಿಲ್ಲ. ಡಬ್ಬಿಯ ತಳದಲ್ಲಿ ಬರೀ ಎಂಜಲು. ಅತ್ತೆ ಮುಚ್ಚಳ ತೆಗೆದು ನೋಡಿದಳು.

“ಇಷ್ಟೇ ಏನ?”

“ಬರವಲ್ದು. ನಾ ಏನ್ ಮಾಡ್ಲಿ?” ಎಂದು ಸಿಟ್ಟಿನಿಂದ ಕೊಡ ತೆಗೆದುಕೊಂಡು ನೀರಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಡಬ್ಬಿ ಮೋಟರ್ ಹತ್ತಿತ್ತು.

ಸಂಜೆ ಪಂಢರಿ ತಾನೇ ಮನೆಗೆ ಬಂದ. ಈ ಸಲ ನಗಲಿಲ್ಲ. ಡಬ್ಬಿಯಲ್ಲಿ ಕ್ಷಯದ ಕ್ರಿಮಿ ಬೇಕಾದಷ್ಟಿವೆ, ಬರುವ ಗುರುವಾರ ರೋಗಿಯೇ ಬೀದರಿಗೆ ಬರಬೇಕು ಎಂದ. ಅತ್ತೆ ಕೂಸನ್ನು ಅವುಚಿಕೊಂಡು ಒಳಗೆ ಹೋದಳು. ಸಾವಿಗಿಂತ ಹೆಚ್ಚಾಗಿ, ನನ್ನ ಮಗನಿಗೆ ನನ್ನ ಮುಖವೂ ನೆನಪಿರುವುದಿಲ್ಲವಲ್ಲ ಎಂದು ಹೆದರಿದೆ.

ಗುರುವಾರ ನಾವೆಲ್ಲ ಬೀದರಿಗೆ ಹೋದೆವು. ಅಲ್ಲಿಂದಲೇ ನನ್ನನ್ನು ಹಲಬರ್ಗಾಕ್ಕೆ ಬಿಡುವುದೆಂದು ನನ್ನ ಸೀರೆಗಳನ್ನು ಗಂಟು ಕಟ್ಟಿದ್ದರು. ಮೋಟರಿನಲ್ಲಿ ಅತ್ತೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತಳು, ನಾನು ಹಿಂದೆ.

ಮಹಮೂದಾ ಬೇಗಂ ದಪ್ಪ ಕನ್ನಡಕದ, ದೊಡ್ಡ ದನಿಯ ಹೆಂಗಸು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಸೂಜಿ ಚಾಲೂ ಮಾಡೂಕಿಂತ ಮೊದಲು ಇನ್ನೊಮ್ಮಿ ನೋಡೂದು ನಮ್ಮ ಕಾಯ್ದಾ ಅದರೀ. ನನ್ನ ಮುಂದ ಉಗುಳ್ರಿ. ಬೆಲ್ಲ ಬ್ಯಾಡ.”

ಬಿಸಿ ನೀರು ಕುಡಿಸಿ, ಬೆನ್ನು ತಟ್ಟಿ ತಟ್ಟಿ ಅಂಗಳದಲ್ಲಿ ಕೆಮ್ಮಿಸಿದಳು. ಬಂದದ್ದನ್ನು ಗಾಜಿಗೆ ಬಳಿದು ದೀಪದ ಮೇಲೆ ಕಾಯಿಸಿ, ಮೊದಲು ಕೆಂಪು ಬಣ್ಣ, ಆಮೇಲೆ ನೀಲಿ ಬಣ್ಣ ಹಾಕಿ ತೊಳೆದಳು. ಹಿತ್ತಾಳೆಯ ಖುರ್ದಬೀನಿಗೆ ಕಣ್ಣಿಟ್ಟು ಕೂತವಳು ಬಹಳ ಹೊತ್ತು ಮೇಲೇಳಲಿಲ್ಲ. ಪೆಟ್ಟಿಗೆಯಿಂದ ಹೋದ ವಾರದ ಗಾಜು ತೆಗೆದು ಅದನ್ನೂ ನೋಡಿದಳು. ಆಮೇಲೆ ನಮ್ಮನ್ನೇ ಕರೆದು ಒಂದಾದ ಮೇಲೊಂದು ತೋರಿಸಿದಳು. ಇವತ್ತಿನ ಗಾಜಿನಲ್ಲಿ ಬರೀ ನೀಲಿ. ಹೋದ ವಾರದ್ದರಲ್ಲಿ ನೀಲಿಯ ನಡುವೆ ಕೆಂಪು ಕೆಂಪು ಸಣ್ಣ ಕಡ್ಡಿಗಳು, ಯಾರೋ ಕುಂಕುಮದ ಎಳೆ ಚೆಲ್ಲಿದ ಹಾಗೆ.

“ಆ ಕೆಂಪ ಕಡ್ಡಿನೇ ಕ್ಷಯ. ಎರಡೂ ಒಬ್ಬಾಕಿ ಎದಿಯಿಂದ ಬಂದಾವಂದ್ರ ನಾ ನಂಬೂದಿಲ್ಲ. ಹೋದ ವಾರ ಡಬ್ಬಿಯಾಗ ಉಗುಳಿದವ್ರು ಯಾರು?”

ನಾನು ಗಂಡನ ಮುಖ ನೋಡಿದೆ. ಅವನು ತಾಯಿಯ ಮುಖ ನೋಡಿದ. ಖುರ್ದಬೀನಿನಿಂದ ಕಣ್ಣು ತೆಗೆದ ಅತ್ತೆ ಕೂಸನ್ನೆತ್ತಿಕೊಂಡು ಹಾಗೇ ನಿಂತಿದ್ದಳು.

“ಖಾಲಿ ಡಬ್ಬಿ ಹ್ಯಾಂಗ ಕಳಸೂದ್ರಿ ಬೇಗಂಸಾಬ?” ಎಂದಳು ಮೆಲ್ಲಗೆ. “ಅಕೀದು ತಳಕ್ಕೂ ಆಗಿದ್ದಿಲ್ಲ. ಅದಕ್ಕ ನಂದೂ ಜರಾ ಹಾಕಿದ್ನಿ. ನಂದು ಹೊಗಿ ಕೆಮ್ಮು, ಅದರಾಗ ಏನಿರ್ತದ ಅಂತ ತಿಳದಿದ್ನಿ.”

ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷವಾಯಿತು. ಬದುಕಿದೆ, ಗೆದ್ದೆ ಅನ್ನಿಸಿತು. ಆದರೆ ಅದು ಒಂದು ಉಸಿರಿನಷ್ಟು ಹೊತ್ತು ಮಾತ್ರ. ಧೊಂಡಿಬಾ ಅವಳ ಕೊರಳಿಗೆ ಮುಖವೊತ್ತಿಕೊಂಡು ನಿದ್ದೆ ಹೋಗಿದ್ದ. ಇಷ್ಟು ದಿನವೂ ಅವನು ಹಾಗೇ ಮಲಗಿದ್ದ.

“ನನ್ನಿಂದ ಕಾಯ್ತೇನಂತ ಕೂಸು ಒಯ್ದಿದ್ರಲ್ಲರೀ ಅತ್ತಿ!” ಎಂದು ಚೀರಿದೆ. ಹಿಂದೆಂದೂ ಅವಳ ಮುಂದೆ ನಾನು ದನಿ ಎತ್ತಿದವಳಲ್ಲ.

ಅತ್ತೆ ನನ್ನ ಕಡೆ ನೋಡಲಿಲ್ಲ.

“ಕೂಸಿಗಿ ಹತ್ತತದೇನ್ರಿ?” ಎಂದು ಬೇಗಂಳನ್ನು ಕೇಳಿದಳು.

“ಹತ್ತಬಹುದು. ಡಾಕ್ಟರ್ ಸಾಬ್ ಈಗೇ ನೋಡ್ತಾರ. ನಿಮಗೂ ದವಾ ಅದ ಅಮ್ಮಾ, ಬಹಳ ದಿನಾ ತಗೋಬೇಕು...”

“ನನ್ನ ದವಾ ಇರ್ಲಿ. ಇವನ್ನ ನೋಡ್ರಿ.”

ಕೂಸಿನ ಮುಷ್ಟಿಯಲ್ಲಿ ಅವಳ ಸೆರಗಿತ್ತು. ಒಂದೊಂದೇ ಬೆರಳು ಬಿಡಿಸಿದಳು. ಮುಖವನ್ನು ಅತ್ತ ಹೊರಳಿಸಿ, ತೋಳು ಉದ್ದಕ್ಕೆ ಚಾಚಿ ಅವನನ್ನು ನನ್ನ ಕೈಗೆ ಕೊಟ್ಟಳು. ಧೊಂಡಿಬಾ ಎಚ್ಚೆತ್ತು ನನ್ನನ್ನು ನೋಡಿದ, ಗುರುತು ಹತ್ತಲಿಲ್ಲ. ಬೆನ್ನು ಬಿಲ್ಲಿನಂತೆ ಬಗ್ಗಿಸಿ ಎರಡೂ ಕೈ ಅವಳ ಕಡೆಗೇ ಚಾಚಿ, ಉಸಿರು ಕಟ್ಟುವ ಹಾಗೆ ಅಳತೊಡಗಿದ. ನನ್ನ ಕೈಗಳು, ನನ್ನನ್ನು ಕೇಳದೆಯೇ, ಕೂಸನ್ನು ಅವಳತ್ತ ಒಯ್ದವು.

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

“ಹೊರಗ ಒಯ್ಯಿ ಅವನ್ನ, ಚಂದ್ರಾ” ಎಂದಳು. “ಎಷ್ಟ್ ಅತ್ತರೂ ನನ್ನ ಹಂತ್ಯಾಕ ತರಬ್ಯಾಡ.”