ಎಂಟು ಓಮಿನ ಇನ್ನೊಂದು ಪೆಟ್ಟಿಗೆ

ಗುಮ್ಮನ ಕೋಣೆಯ ಮೌನವನ್ನು ಯಾರಾದರೂ ತಕ್ಕಡಿಯಲ್ಲಿಟ್ಟು ತೂಗಿದ್ದರೆ ಎರಡು ಆನೆ, ಮೇಲೊಂದು ಮರಿಯಾನೆಯಷ್ಟು ತೂಗುತ್ತಿತ್ತು. ಇದರಲ್ಲಿ ಗುಲಗಂಜಿಯಷ್ಟೂ ಉತ್ಪ್ರೇಕ್ಷೆಯಿಲ್ಲ. ಲಾಂಡ್ರಿ ಅಂಗಡಿಯ ಮೇಲಿನ ಮೂರನೇ ಮಹಡಿಯ ಆ ಕೋಣೆಯಲ್ಲಿ ನೊಣ ಕೂಡ ತುದಿಗಾಲಲ್ಲಿ ನಡೆಯುತ್ತಿತ್ತು. ಬೆಳಗ್ಗೆ ಎದ್ದವನು ಫ್ರಿಜ್ಜನ್ನು ನೋಡಿ "ಎದ್ದೆಯಾ?" ಎಂದು ಕೇಳುತ್ತಿದ್ದ. ಅದು ಒಮ್ಮೆ ಗುರ್ ಎಂದು ಸುಮ್ಮನಾಗುತ್ತಿತ್ತು. ಅಲ್ಲಿಗೆ ಆ ದಿನದ ಮಾತುಕತೆ ಮುಗಿಯಿತು.

ಹಾಗೆಂದು ಅವನದೇನೂ ಸದ್ದಿಲ್ಲದ ಕಸುಬಲ್ಲ. ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವವನು. ಗುಮ್ಮ ಎಂಬ ಹೆಸರು ಅಂಟಿದ್ದೂ ಆ ದಪ್ಪ ತಂತಿಗಳ ಗುಂ ಎನ್ನುವ ಸದ್ದಿನಿಂದ. ಅವನ ಮುಖ ಕಂಡರೆ ಹಟಮಾರಿ ಮಕ್ಕಳು ತಟ್ಟೆ ಖಾಲಿ ಮಾಡುತ್ತಿದ್ದವು ಎಂಬುದು ಎರಡನೆಯ ಕಾರಣ. ಬೇಸ್ ನುಡಿಸುವವನ ಹಣೆಬರಹವೇ ಬೇರೆ. ಹಾಡುಗಾರ್ತಿಗೆ ಚಪ್ಪಾಳೆ, ಕೀಬೋರ್ಡಿನವರಿಗೆ ಹೂಗುಚ್ಛ, ಡ್ರಮ್ಮಿನವನಿಗೆ ಶಿಳ್ಳೆ. ಬೇಸಿನವನ ಹತ್ತಿರ ಮಾತ್ರ, ಎಲ್ಲ ಮುಗಿದ ಮೇಲೆ ಯಾರೋ ಒಬ್ಬರು ಬಂದು, "ನೀವು ಲೈಟಿಂಗ್‌ನವರಾ?" ಎಂದು ಕೇಳುತ್ತಾರೆ.

ಹೆಂಡತಿ ಮನೆ ಬಿಟ್ಟು ಎರಡು ವರ್ಷವಾಗಿತ್ತು. ಜಗಳವೇನೂ ಆಗಿರಲಿಲ್ಲ. ಜಗಳವಾಗಬೇಕಾದರೆ ಇಬ್ಬರೂ ಮಾತಾಡಬೇಕು. ಆಕೆ ಬೆಳಗಿನಿಂದ ಸಂಜೆಯವರೆಗೆ ಹೇಳಿದ್ದಕ್ಕೆಲ್ಲ ಇವನು ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಒಂದು ತಂತಿ ಮೀಟಿ ಉತ್ತರ ಕೊಡುತ್ತಿದ್ದ. "ನಿಮ್ಗೆ ಹೇಳಿದ್ದು ಒಂದೂ ತಲುಪಲ್ಲ ಕಣ್ರೀ" ಎಂದು ಒಂದು ದಿನ ತಣ್ಣಗೆ ಹೇಳಿ ಆಕೆ ತಮ್ಮನ ಮನೆಗೆ ಹೊರಟುಬಿಟ್ಟಳು. ಸಾಮಾನು ಹೊರುವವರು ಆಕೆಯ ಬೀರು, ಹೊಲಿಗೆ ಯಂತ್ರ, ಕನ್ನಡಿ ಇಡುವ ಮೇಜು ಎಲ್ಲವನ್ನೂ ಕೆಳಗಿಳಿಸಿದರು. ಮೇಜು ಎಂದರೆ ಮೇಜಲ್ಲ, ಗುಮ್ಮನ ಎರಡು ಸ್ಪೀಕರ್ ಪೆಟ್ಟಿಗೆಗಳಲ್ಲಿ ಒಂದು. ಕೋಣೆಯಲ್ಲಿ ಜಾಗ ಸಾಲದೆ ಆಕೆ ಅದಕ್ಕೊಂದು ಹೂವಿನ ಬಟ್ಟೆ ಹೊದಿಸಿ ಮೇಲೆ ಕನ್ನಡಿ ಇಟ್ಟುಕೊಂಡಿದ್ದಳು. ಬಟ್ಟೆ ಸರಿಸಿ ನೋಡುವ ತಾಳ್ಮೆ ಹೊರುವವರಿಗೆಲ್ಲಿ? ಒಳಗಿನ ಹದಿನೈದಿಂಚಿನ ಸ್ಪೀಕರಿನ ಭಾರಕ್ಕೆ ಇಬ್ಬರ ಬೆನ್ನೂ ಬಿಲ್ಲಾಗಿತ್ತು. ಗುಮ್ಮ ಬಾಗಿಲಲ್ಲೇ ನಿಂತಿದ್ದ. "ಅದು ನಂದು, ಇಳಿಸ್ರಪ್ಪಾ" ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಆ ತಮ್ಮ, ಅಂದರೆ ಗುಮ್ಮನ ಭಾಮೈದ, ಅದೇ ಆರ್ಕೆಸ್ಟ್ರಾದ ಡ್ರಮ್ಮಿನವನು. ವೇದಿಕೆಯ ಮೇಲೆ ಇಬ್ಬರ ನಡುವೆ ಒಂದು ಮೊಳ ಜಾಗ. ಮಾತಿನ ಲೆಕ್ಕದಲ್ಲಿ ನಡುವೆ ಏಳು ಸಮುದ್ರ. ಏನಾದರೂ ಹೇಳಬೇಕಾದರೆ ಹಾಡುಗಾರ್ತಿಯೇ ಅಂಚೆಯಣ್ಣ.

"ಮೇಡಂ, ಎರಡನೇ ಚರಣದಲ್ಲಿ ತಾಳ ಬಿಟ್ಟು ಓಡ್ತಿದಾರೆ ಅಂತ ಅವರಿಗೆ ಹೇಳಿ" ಎನ್ನುತ್ತಿದ್ದ ಭಾಮೈದ.

"ಓಡ್ತಿರೋದು ಅವನ ಕಾಲು ಅಂತ ಅವನಿಗೆ ಹೇಳಮ್ಮ."

"ನಾನೇನು ನಿಮ್ಮಿಬ್ಬರ ಮಧ್ಯದ ಕಿಟಕಿನಾ?" ಎಂದು ಆಕೆ ರೇಗುತ್ತಿದ್ದಳು. "ಪಕ್ಕದಲ್ಲೇ ಕೂತಿದೀರಿ, ಸೀನಿದ್ರೆ ಒಬ್ಬರ ಮೇಲೊಬ್ಬರಿಗೆ ಬೀಳತ್ತೆ."

ಆದರೆ ಬೇಸಿನ ತಂತಿಯೂ ಭಾಮೈದ ಕಾಲಲ್ಲಿ ಹೊಡೆಯುವ ಡ್ರಮ್ಮೂ ಒಟ್ಟಿಗೆ ಬೀಳಬೇಕಲ್ಲ. ಅದು ಮಾತ್ರ ಎರಡು ವರ್ಷದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಆರ್ಕೆಸ್ಟ್ರಾದ ಯಜಮಾನರು ಕೀಬೋರ್ಡ್ ನುಡಿಸುವ ಮೇಷ್ಟ್ರು. ಒಂದು ಮಧ್ಯಾಹ್ನ ತಾಲೀಮು ಮುಗಿದಾಗ ಅವರು ಕನ್ನಡಕ ಒರೆಸುತ್ತಾ ಬಾಂಬು ಹಾಕಿದರು.

"ನೋಡಯ್ಯಾ ಗುಮ್ಮ, ಮುಂದಿನ ವಾರ ಕಾರ್ಖಾನೆ ಮೈದಾನ. ಹಾಲ್ ಅಲ್ಲ, ಬಯಲು. ನಿನ್ನ ಬೇಸು ಮೂರನೇ ಸಾಲು ದಾಟಲ್ಲ. ಈ ಸಲ ಹಿಂದಿನ ಸಾಲಿಗೆ ಕೇಳಿಸದಿದ್ರೆ, ಆ ಕೆಲಸಾನ ಕೀಬೋರ್ಡಿನ ಮೇಲೆ ನನ್ನ ಎಡಗೈಯೇ ಮಾಡತ್ತೆ. ಬೇಜಾರು ಮಾಡ್ಕೋಬೇಡ."

ಗುಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಗಿಟಾರನ್ನು ಚೀಲದೊಳಗೆ ತಲೆಕೆಳಗಾಗಿ ತುರುಕಿದ, ಅಷ್ಟೇ. ವಾರಕ್ಕೆರಡು ತಾಲೀಮು, ನಡುವೆ ಸಿಗುವ ಒಂದು ಕಾರ್ಯಕ್ರಮ, ಅಂಚೆಯಣ್ಣನ ರೇಗಾಟ, ಮಾತಾಡದ ಭಾಮೈದನ ಕೆಮ್ಮು: ಮನುಷ್ಯರ ಸದ್ದೆಂದು ಅವನಿಗಿದ್ದದ್ದು ಇಷ್ಟೇ. ಅದೂ ಹೋದರೆ ಮೂರನೇ ಮಹಡಿಯ ಆನೆಗಳ ಜೊತೆಗೇ ಬಾಳ್ವೆ.

ಆಂಪ್ಲಿಫೈಯರನ್ನು ಹೆಗಲ ಮೇಲೆ ಹೊತ್ತು ಅವನು ನೇರ ಬೆಸುಗೆಯಮ್ಮನ ಅಂಗಡಿಗೆ ಹೋದ. ಇಡೀ ಜಗತ್ತಿನ ರೇಡಿಯೋಗಳಿಗೆಲ್ಲ ತಾನೇ ಸೂಲಗಿತ್ತಿ ಎಂದು ಹೇಳಿಕೊಳ್ಳುತ್ತಿದ್ದ ರಿಪೇರಿಯಾಕೆ ಅವಳು. ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಕಿವಿ ತುರಿಸಿಕೊಳ್ಳುವುದೂ ಅದರಿಂದಲೇ ಎಂದು ಆಗದವರು ಹೇಳುತ್ತಿದ್ದರು.

"ಸಾವಿರ ವಾಟ್ ಅಂತ ಬರೆದಿದೆ, ಸೊಳ್ಳೆ ಥರ ಕೂಗತ್ತೆ" ಎಂದ ಗುಮ್ಮ.

"ಲೋ ಗುಮ್ಮ, ಮುಂದೆ ದಪ್ಪಕ್ಷರದಲ್ಲಿ ಬರೆದಿರೋದು ಜಂಬ. ಹಿಂದೆ ಸಣ್ಣಕ್ಷರದಲ್ಲಿ ಬರೆದಿರೋದು ಸತ್ಯ. ಸಾವಿರ ಅಂದ್ರೆ ಪೀಕು. ಕಣ್ಣು ಮಿಟುಕಿಸೋಷ್ಟು ಹೊತ್ತು ಕಿರುಚಬಲ್ಲದು, ಅಷ್ಟೇ. ಒಂದೇ ಸಮ ದುಡಿಯೋ ಶಕ್ತಿ ಐನೂರು. ಅದೂ ಎಷ್ಟು ಓಮ್‌ಗೆ? ಓದು."

"ನಾಲ್ಕು."

"ನಿನ್ನ ಬಾಕ್ಸ್ ಎಷ್ಟರದ್ದು?"

"ಎಂಟು."

"ಹಾಗಾದ್ರೆ ಮುನ್ನೂರರ ಹತ್ತಿರ ಹತ್ತಿರ, ಅಷ್ಟೇ. ಉಳಿದದ್ದು ಒಳಗೇ ಉಳಿಯತ್ತೆ, ಹೊರಗೆ ಬರಲ್ಲ. ಓಮ್ ಅಂದ್ರೆ ತಡೆ ಕಣೋ. ಸಿನಿಮಾ ಬಿಟ್ಟಾಗ ಒಂದೇ ಬಾಗಿಲಿದ್ರೆ ಜನ ನಿಧಾನಕ್ಕೆ ಹೊರಗೆ ಬರ್ತಾರೆ. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಬಾಗಿಲು ತೆಗಿ, ಎರಡರಷ್ಟು ಜನ ಬರ್ತಾರೆ. ಬಾಗಿಲು ಎರಡಾಯ್ತು, ತಡೆ ಅರ್ಧ ಆಯ್ತು. ಎಂಟರ ಪಕ್ಕ ಎಂಟು ಇಟ್ರೆ ಹದಿನಾರಲ್ಲ, ನಾಲ್ಕು. ಆಗ ಐನೂರೂ ಹೊರಗೆ ಬರತ್ತೆ, ಒಂದೊಂದು ಬಾಕ್ಸಿಗೆ ಇನ್ನೂರೈವತ್ತು. ನಿನ್ನ ಬಾಕ್ಸು ಮುನ್ನೂರು ತಡ್ಕೊಳತ್ತೆ, ಆರಾಮಾಗಿರತ್ತೆ. ನಿಂದು ಜೋಡಿ ಇತ್ತಲ್ಲೋ, ಇನ್ನೊಂದೆಲ್ಲಿ?"

ಗುಮ್ಮ ಮೇಜಿನ ಮೇಲಿದ್ದ ಸ್ಕ್ರೂಗಳನ್ನು ಉದ್ದಕ್ಕೆ ಜೋಡಿಸತೊಡಗಿದ.

"ಇದೆ. ಒಬ್ಬರ ಮನೇಲಿ."

"ಹೋಗಿ ತಗೊಂಡ್ ಬಾ. ಬೇರೆ ಎಂಥದ್ದೋ ತಂದು ಸಿಕ್ಕಿಸಬೇಡ. ನಾಲ್ಕಕ್ಕಿಂತ ಕೆಳಗೆ ಹೋದ್ರೆ ಇದು ನಿನ್ನ ಮೇಲೆ ಮುನಿಸ್ಕೊಂಡು ಮಲಗಿಬಿಡತ್ತೆ."

ಪೆಟ್ಟಿಗೆ ಇರುವ ಮನೆ ನಡೆದು ಹೋಗುವಷ್ಟು ದೂರ. ಗುಮ್ಮ ಆ ಬೀದಿಯ ತಿರುವಿನವರೆಗೆ ಹೋದ. ಹೋಗಿ ಬಂದ. ಮಾರನೆಯ ದಿನವೂ ಹೋಗಿ ಬಂದ. ತಿರುವಿನ ದೀಪದ ಕಂಬಕ್ಕೆ ಅವನ ಪರಿಚಯ ಎಷ್ಟಾಗಿತ್ತೆಂದರೆ, ಬಾಯಿದ್ದಿದ್ದರೆ ಅದು ಮನೆಮಂದಿಯನ್ನೆಲ್ಲ ವಿಚಾರಿಸುತ್ತಿತ್ತು. ಬಾಗಿಲು ತಟ್ಟಬೇಕು, ಭಾಮೈದ ತೆಗೆಯಬೇಕು, ಒಳಗೆ ಆಕೆ ಇರುತ್ತಾಳೆ, ಎರಡು ವರ್ಷದ ಮೇಲೆ ಆಡುವ ಮೊದಲ ಮಾತು "ನನ್ನ ಸ್ಪೀಕರ್ ಕೊಡಿ" ಎಂದಾಗಬೇಕು. ಅದಕ್ಕಿಂತ ಕಿವುಡಾಗುವುದು ವಾಸಿ ಎನಿಸಿತು.

ಕೊನೆಗೆ ಅವನು ಶಾಮಿಯಾನದ ಅಂಗಡಿಯಿಂದ ಒಂದು ಪೆಟ್ಟಿಗೆಯನ್ನು ಬಾಡಿಗೆಗೆ ತಂದ. ಹಿಂಬದಿಯಲ್ಲಿ ನಾಲ್ಕು ಓಮ್ ಎಂದಿತ್ತು. ಒಂಟಿಯಾಗಿ ಬಾಳುವವನಿಗೆ ತನ್ನ ಲೆಕ್ಕವೇ ಸರಿ, ತಿದ್ದುವವರಾರು? ನಾಲ್ಕು ಎಂಟಕ್ಕಿಂತ ಕಡಿಮೆ, ಆದ್ದರಿಂದ ಹೊರೆಯೂ ಕಡಿಮೆ ಎಂದುಕೊಂಡ. ಬೆಸುಗೆಯಮ್ಮ ಅಷ್ಟು ವಿವರಿಸಿದ ಬಾಗಿಲುಗಳೆಲ್ಲ ಅವನ ತಲೆಯಲ್ಲಿ ಮುಚ್ಚಿಕೊಂಡಿದ್ದವು. ಎಂಟರ ಕಿರಿದಾದ ಬಾಗಿಲಿನ ಪಕ್ಕ ನಾಲ್ಕರ ಹೆಬ್ಬಾಗಿಲು ತೆಗೆದರೆ ತಡೆ ಮೂರಕ್ಕಿಂತಲೂ ಕೆಳಗಿಳಿಯುತ್ತದೆ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಕಾರ್ಖಾನೆಯ ಮೈದಾನದಲ್ಲಿ ಬಿಸಿಲು ಇಳಿಯುವ ಮುನ್ನವೇ ಜನ ತುಂಬಿದ್ದರು. ಮೊದಲ ಹಾಡಿಗೆ ಗುಮ್ಮ ತಂತಿ ಮೀಟಿದ. ಆಹಾ! ಮೈದಾನದಾಚೆ ನಿಂತಿದ್ದ ಲಾರಿಗಳ ಗಾಜು ನಡುಗಿದವು. ಹಿಂದಿನ ಸಾಲಿನ ಅಜ್ಜನೊಬ್ಬನ ಹಲ್ಲಿನ ಸೆಟ್ಟು ತಾಳ ತಪ್ಪದೆ ಕುಣಿಯಿತು. ಕಾರ್ಖಾನೆಯ ಚಿಮಣಿ ಒಂದು ಗೇಣು ಎಡಕ್ಕೆ ವಾಲಿ ಮತ್ತೆ ನೆಟ್ಟಗಾಯಿತು ಎಂದು ಕಂಡವರು ಈಗಲೂ ಹೇಳುತ್ತಾರೆ. ಎರಡನೇ ಹಾಡಿಗೆ ಮೇಷ್ಟ್ರು ತಿರುಗಿ ಹೆಬ್ಬೆರಳು ಎತ್ತಿದರು, ಅದೂ ಎಡಗೈಯ ಹೆಬ್ಬೆರಳು. ಗುಮ್ಮನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು.

ಮೂರನೇ ಹಾಡಿನ ನಡುವೆ ಆಂಪ್ಲಿಫೈಯರಿನ ಮೇಲೆ ಒಂದು ಕೆಂಪು ದೀಪ ಹೊತ್ತಿಕೊಂಡಿತು. ಸದ್ದು ಕತ್ತರಿಸಿದಂತೆ ನಿಂತುಹೋಯಿತು.

ಅಭ್ಯಾಸದಿಂದ ಅವನ ಬೆರಳು ಓಡುತ್ತಲೇ ಇದ್ದವು. ಈಗ ಎಲ್ಲರೂ ತಿರುಗಿ ನೋಡುತ್ತಾರೆಂದು ಅವನು ಕತ್ತು ಒಳಕ್ಕೆಳೆದುಕೊಂಡ. ಯಾರೂ ನೋಡಲಿಲ್ಲ. ಹಾಡುಗಾರ್ತಿ ಹಾಡುತ್ತಿದ್ದಳು. ಮೇಷ್ಟ್ರು ತಲೆಯಾಡಿಸುತ್ತಿದ್ದರು. ಮುಂದಿನ ಸಾಲಿನ ಹುಡುಗಿ ಕುಣಿಯುತ್ತಿದ್ದಳು, ಹಲ್ಲಿನ ಸೆಟ್ಟಿನ ಅಜ್ಜ ಚಪ್ಪಾಳೆ ತಟ್ಟುತ್ತಿದ್ದ. ಅಷ್ಟು ದೊಡ್ಡ ಮೈದಾನದಲ್ಲಿ, ಅಷ್ಟು ಸಾವಿರ ಕಿವಿಗಳಲ್ಲಿ, ಅವನಿಲ್ಲದ್ದು ಒಂದು ಕಿವಿಗೂ ತಟ್ಟಲಿಲ್ಲ. ಗುಮ್ಮ ಮೂಕ ತಂತಿಗಳನ್ನು ಮೀಟುತ್ತಾ ನಿಂತ. ನಿಲ್ಲಿಸಲು ನಾಚಿಕೆ, ಮುಂದುವರಿಸಲು ಇನ್ನೂ ನಾಚಿಕೆ. ಸೂರ್ಯ ಮುಳುಗಿ, ಹುಟ್ಟಿ, ಮತ್ತೆ ಮುಳುಗುವಷ್ಟು ಹೊತ್ತು ಹಾಗೇ ನಿಂತಿದ್ದಂತೆ ಅವನಿಗೆ ಅನಿಸಿತು.

ಆಗ ಪಕ್ಕದ ಕಾಲಿನ ಡ್ರಮ್ಮು ಒಂದು ಏಟು ತಪ್ಪಿತು. ಮತ್ತೊಂದು ತಪ್ಪಿತು. ಕತ್ತಲಲ್ಲಿ ಮೆಟ್ಟಿಲು ಹುಡುಕುವವನ ಹಾಗೆ ಆ ಕಾಲು ತಡವರಿಸಿತು. ಭಾಮೈದ ಕತ್ತು ಚಾಚಿ ನೋಡಿದ. ನೋಡಿದವನು ಎರಡೂ ಕೋಲುಗಳನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂತುಬಿಟ್ಟ.

ಡ್ರಮ್ಮು ನಿಂತರೆ ಗೊತ್ತಾಗದೆ ಇರುತ್ತದೆಯೇ? ನಡುಗಂಬ ಕಿತ್ತ ಡೇರೆಯಂತೆ ಇಡೀ ಹಾಡು ಕುಸಿಯಿತು.

"ಏನಯ್ಯಾ ಅದು!" ಮೇಷ್ಟ್ರು ಹಲ್ಲು ಕಚ್ಚಿದರು.

"ಬೇಸ್ ಇಲ್ಲ ಮೇಷ್ಟ್ರೇ."

"ಇಲ್ದಿದ್ರೆ ಇಲ್ಲ, ನೀನು ಹೊಡಿ!"

"ಕಾಲು ಎಲ್ಲಿ ಊರ್ಲಿ?"

ಹಾಡುಗಾರ್ತಿ ಮೈಕಿನಲ್ಲಿ ಜನರನ್ನು ನಗಿಸುತ್ತಾ ಹೊತ್ತು ತಳ್ಳತೊಡಗಿದಳು. ಭಾಮೈದ ಎದ್ದು ಬಂದು ಆಂಪ್ಲಿಫೈಯರಿನ ಹಿಂದೆ ಕುಕ್ಕರಗಾಲಲ್ಲಿ ಕೂತ. ಗುಮ್ಮನೂ ಕೂತ.

"ಭಾವ, ಇದು ನಾಲ್ಕರದ್ದು. ಎಂಟರ ಜೊತೆ ನಾಲ್ಕು ಹಾಕಿದೀರಲ್ಲ!"

"ಕಡಿಮೆ ಅಲ್ವಾ ಅಂತ..."

"ಕಡಿಮೆ ಆದ್ರೇನೇ ಇದಕ್ಕೆ ಕಷ್ಟ. ಎಂಟರದ್ದು ನಮ್ಮನೇಲೇ ಇತ್ತಲ್ಲ ಭಾವ."

"ಗೊತ್ತು."

"ಕೇಳಬಾರದಿತ್ತಾ? ಎರಡು ವರ್ಷದಿಂದ ನಾನೇ ಧೂಳು ಒರೆಸ್ತಿದೀನಿ, ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ."

"ನಿನ್ನ ಹತ್ರ ಮಾತು ಬಿಟ್ಟಿದ್ನಲ್ಲಪ್ಪ" ಎಂದ ಗುಮ್ಮ.

"ಬಿಟ್ಟಿದ್ದು ನೀವಾ? ನಾನು ಬಿಟ್ಟಿದ್ದು ಅಂದ್ಕೊಂಡಿದ್ದೆ."

ಭಾಮೈದ ಬಾಡಿಗೆ ಪೆಟ್ಟಿಗೆಯ ತಂತಿ ಕಿತ್ತ. ಆಂಪ್ಲಿಫೈಯರ್ ತಣ್ಣಗಾಗಿ ಕೆಂಪು ದೀಪ ಆರಿತು. ಉಳಿದದ್ದು ಒಂದೇ ಪೆಟ್ಟಿಗೆ, ಅದೇ ಮೂರನೇ ಸಾಲು ದಾಟದ ದನಿ.

ಮತ್ತೆ ಹಾಡು ಶುರುವಾದಾಗ ಮೇಷ್ಟ್ರ ಎಡಗೈ ಕೀಬೋರ್ಡಿನ ಕೆಳತುದಿಗೆ ಸರಿದಿತ್ತು. ಬೇಸಿನ ಸ್ವರಗಳೆಲ್ಲ ಈಗ ಅಲ್ಲಿಂದ ಬರುತ್ತಿದ್ದವು, ಮೈಕಿಗೂ ಕೀಬೋರ್ಡಿಗೂ ಕಟ್ಟಿದ್ದ ದೊಡ್ಡ ಸ್ಪೀಕರುಗಳಲ್ಲಿ, ಹಿಂದಿನ ಸಾಲಿನವರೆಗೆ. ಗುಮ್ಮ ಅದನ್ನು ಕೇಳಿಸಿಕೊಂಡ. ಎರಡು ಬೇಸು ಒಂದರ ಮೇಲೊಂದು ಬಿದ್ದು ಹಾಡು ಕೆಡಬಾರದೆಂದು ತನ್ನ ವಾಲ್ಯೂಮನ್ನು ಒಂದು ಚೂರು ಇಳಿಸಿದ, ಮತ್ತೊಂದು ಚೂರು ಇಳಿಸಿದ. ಕೊನೆಗೆ ಅವನ ದನಿ ಡ್ರಮ್ಮಿನ ಸ್ಟೂಲಿನವರೆಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಕಾಲಿನ ಡ್ರಮ್ಮು ಮಾತ್ರ ಎಡಗೈಯನ್ನು ಬಿಟ್ಟು ಅವನ ತಂತಿಯ ಜೊತೆಗೇ ಬೀಳುತ್ತಿತ್ತು. ಅದು ಕೂತವರಲ್ಲಿ ಒಬ್ಬರಿಗೂ ಗೊತ್ತಾಗುವಂಥದ್ದಲ್ಲ.

ಮುಗಿದ ಮೇಲೆ ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟರು. "ಸಣ್ಣ ಹಾಲ್ ಸಿಕ್ಕಿದ್ರೆ ಹೇಳಿ ಕಳಿಸ್ತೀನಿ ಕಣಯ್ಯ." ಮೇಷ್ಟ್ರು ಸಣ್ಣ ಹಾಲ್ ಒಪ್ಪಿಕೊಂಡು ಯಾವ ಕಾಲವಾಯಿತೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಭಾಮೈದ ಏನೋ ಹೇಳಲು ಬಾಯಿ ತೆರೆದ. ಗುಮ್ಮ ಬೇಡವೆಂದು ತಲೆಯಾಡಿಸಿದ.

ಪೆಟ್ಟಿಗೆಯನ್ನು ವ್ಯಾನಿಗೆ ಏರಿಸುವಾಗ ಭಾಮೈದ ಇನ್ನೊಂದು ತುದಿ ಹಿಡಿದ.

"ಭಾನುವಾರ ಮನೇಲಿ ಒಬ್ಬನೇ ಹೊಡೀತಾ ಕೂತಿರ್ತೀನಿ ಭಾವ. ಬಂದ್ರೆ ಆಗಲ್ವಾ?"

"ಪೆಟ್ಟಿಗೆ ತಗೊಂಡು ಹೋಗೋಕಾ?"

"ನುಡಿಸೋಕೆ. ಸಣ್ಣ ಕೋಣೆ, ಇಪ್ಪತ್ತು ವಾಟ್ ಸಾಕು."

ಗುಮ್ಮ ಪೆಟ್ಟಿಗೆಯ ಮೂಲೆಯನ್ನು ಅಂಗೈಯಿಂದ ಉಜ್ಜಿದ. "ನಿಮ್ಮಕ್ಕ ಇರ್ತಾಳಾ?"

"ಮತ್ತೆಲ್ಲಿಗೆ ಹೋಗ್ತಾಳೆ?"

"ನೋಡೋಣ."

ಮುಂದಿನ ಸೀಟುಗಳಲ್ಲಿ ಉಳಿದವರು ಕೂತರು. ಗುಮ್ಮ ಹಿಂದೆ, ಪೆಟ್ಟಿಗೆಗಳ ನಡುವೆ ಮಂಡಿ ಮಡಚಿ ಕೂತ. ವ್ಯಾನು ಹೊರಟಿತು. ಇಂಜಿನ್ನಿನ ಗದ್ದಲದಲ್ಲಿ ಯಾರಿಗೂ ಕೇಳದೆಂದು ಖಾತ್ರಿಯಾದ ಮೇಲೆ, ಭಾನುವಾರ ಬಾಗಿಲು ತೆಗೆದರೆ ಆಕೆಗೆ ಏನು ಹೇಳಬೇಕೆಂದು ಅವನು ಗಟ್ಟಿಯಾಗಿ ಹೇಳಿ ನೋಡಿದ. "ಚೆನ್ನಾಗಿದೀಯಾ?" ಎಂದ. ಸರಿಹೋಗಲಿಲ್ಲ. "ನಾನೇ ಬಂದೆ" ಎಂದ. ಅದೂ ಸರಿಹೋಗಲಿಲ್ಲ. ಗಂಟಲು ಸರಿಪಡಿಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದ.